ಬೀಗರ ಪಂಕ್ತಿಯಲ್ಲಿ ಜಿಲ್ಲೆಯ ಮಾತು

ಬುಕ್ಕಸಾಗರದವರಿಗೂ ಕಂಪ್ಲಿಯವರಿಗೂ ಕೊಟ್ಟು ತರುವ ನೆಂಟಸ್ತಿಕೆ ಹಳೆಯದು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು. ಹೊಸಪೇಟೆ ತಾಲ್ಲೂಕಿನೊಡನೆ ಬುಕ್ಕಸಾಗರವೂ ಅದಕ್ಕೆ ಸೇರಿತು. ಕಂಪ್ಲಿ, ಸಂಡೂರುಗಳು ಬಳ್ಳಾರಿಯಲ್ಲೇ ಉಳಿದವು. ಅಂದಿನಿಂದ ಬೀಗರು ಪಂಕ್ತಿಗೆ ಕುಳಿತರೆಂದರೆ ಈ ಚರ್ಚೆ ತಪ್ಪದು. “ಹಂಪಿ ನಮ್ಮದು” ಎಂದು ಒಬ್ಬರು, “ಸಂಡೂರಿನ ಗಣಿ ನಮ್ಮದು” ಎಂದು ಇನ್ನೊಬ್ಬರು.

ಇಂಥ ವಾದ ಈ ಸೀಮೆಗೆ ಹೊಸದಲ್ಲ. ಹೊಸಪೇಟೆ ಮದರಾಸನ್ನು ಬಿಟ್ಟು ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ರಂದು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕು ಯಾರದೆಂಬುದನ್ನು ನ್ಯಾಯಮೂರ್ತಿ ಮಿಶ್ರಾ ಅವರು ವಿಚಾರಿಸಬೇಕಾಯಿತು. ಹೊಳೆಯಾಚೆಯ ಆನೆಗೊಂದಿಯಂತೂ 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದಲ್ಲಿತ್ತು. ಹರಿಗೋಲು ಹತ್ತಿ ಇಳಿದರೆ ಸರ್ಕಾರವೇ ಬೇರೆ!

ಮನೆಯೊಳಗಿನ ರುಚಿಭೇದವನ್ನು ತೀರಿಸುವುದು ಸುಲಭ. ಕಾಲುವೆ ಸೀಮೆಯ ಮಾವನಿಗೆ ಅನ್ನ, ಖುಷ್ಕಿ ಸೀಮೆಯ ಸೊಸೆಗೆ ಜೋಳದ ರೊಟ್ಟಿ; ಒಂದೇ ಒಲೆ ಎರಡಕ್ಕೂ ಸಾಕು. ಎಲ್ಲೆಯ ಮಾತು ಹಾಗಲ್ಲ. ಒಂದು ಊರು ಎರಡು ಜಿಲ್ಲೆಗಳಲ್ಲಿ ಇರಲಾರದು. ಒಬ್ಬರ ಮಾತು ನಿಂತರೆ ಇನ್ನೊಬ್ಬರದು ಬೀಳಲೇಬೇಕು. ಎಲ್ಲೆಯ ಮಾತನ್ನೂ ರುಚಿಯ ಮಾತಿನಂತೆ ಆಡುವುದರಿಂದಲೇ ನಮ್ಮ ಪಂಕ್ತಿಯ ವಾದ ಮಜ್ಜಿಗೆ ಬಂದರೂ ಮುಗಿಯುವುದಿಲ್ಲ.

ಇಷ್ಟಾಗಿ, ಬಡಿಸುತ್ತಿರುವ ಸೊಸೆಯ ಅಭಿಪ್ರಾಯವನ್ನು ಕೇಳಿದವರುಂಟೆ? ಹಂಪಿಯೂ ಗಣಿಯೂ ಅವಳಿಗೆ ದೂರದ ಮಾತು. ಕಂಪ್ಲಿಯಲ್ಲಿ ಹುಟ್ಟಿ ಬುಕ್ಕಸಾಗರ ಸೇರಿದವಳಿಗೆ ಮೊದಲು ತವರಿನ ಕಾಗದಕ್ಕೂ ಗಂಡನ ಮನೆಯ ಕಾಗದಕ್ಕೂ ಜಿಲ್ಲಾ ಕಚೇರಿ ಒಂದೇ ಆಗಿತ್ತು. ಈಗ ತವರಿನ ಹೊಲದ ಪಾಲಿನ ವ್ಯಾಜ್ಯ ಜಿಲ್ಲೆಯ ಮಟ್ಟಕ್ಕೆ ಹೋದರೆ ಅವಳು ಬಳ್ಳಾರಿಯ ಬಸ್ಸು ಹಿಡಿಯಬೇಕು, ಮನೆಯ ಅರ್ಜಿಗೆ ಹೊಸಪೇಟೆಯದು.