ಬೆಂಕಿಯುಂಡೆಗೆ ಎಷ್ಟು ದಾಳ?

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಆ ಊರಿನ ಹುಡುಗನೊಬ್ಬನು ಕಳೆದ ಭಾನುವಾರ ಶಿವಮೊಗ್ಗದ ನಮ್ಮ ಮನೆಯ ಜಗಲಿಯಲ್ಲಿ, ಕಣ್ಣಿಗೆ ಕಾಣದ ಒಂದು ಬೆಂಕಿಯುಂಡೆಗಾಗಿ ಜಗಳವಾಡಿ, “ಇನ್ನು ನಿಮ್ಮನೆಗೆ ಆಟಕ್ಕೆ ಬರೋದಿಲ್ಲ ಮಾರಾಯ” ಎಂದು ಚೀಲವನ್ನು ಹೆಗಲಿಗೇರಿಸಿದನು. ಎದುರಿಗೆ ಕುಳಿತಿದ್ದವನು ನನ್ನ ಅಣ್ಣನ ಮಗ. ಮೂರು ವರ್ಷದ ಗೆಳೆತನವು ನಾಲ್ಕು ದಾಳಗಳ ಲೆಕ್ಕಕ್ಕೆ ಮುರಿದುಬೀಳುವುದನ್ನು ನೋಡುತ್ತ ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಅವರಾಡುತ್ತಿದ್ದ ಆಟಕ್ಕೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂದು ಹೆಸರು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು 1974ರಲ್ಲಿ ಪ್ರಕಟಿಸಿದರು. ನಮ್ಮ ಚೌಕಾಬಾರದಂತೆ ಇಲ್ಲಿ ಕಾಯಿ ಹಣ್ಣಾಗುವುದಿಲ್ಲ. ಒಬ್ಬನು ಯಕ್ಷಗಾನದ ಭಾಗವತನಂತೆ ಕಥೆಯನ್ನು ನಡೆಸುತ್ತಾನೆ. ಉಳಿದವರು ಒಂದೊಂದು ವೇಷವನ್ನು ವಹಿಸಿ ಮಾತಿನಲ್ಲೇ ಕಾಡು ಹೊಕ್ಕು ಗುಹೆ ಇಳಿಯುತ್ತಾರೆ. ಫಲವೇನೆಂಬುದು ಸಂದೇಹವಾದಲ್ಲಿ ದಾಳವು ತೀರ್ಪು ಕೊಡುತ್ತದೆ. ನಮ್ಮಲ್ಲಿ ಭಾಗವತನು ಅಣ್ಣನ ಮಗ.

ಭದ್ರಾವತಿಯ ಹುಡುಗನ ಪಾತ್ರವು ಮಂತ್ರವಿದ್ಯೆಯಲ್ಲಿ ಐದು ಮಟ್ಟ ಏರಿ, ಬಳಿಕ ಕತ್ತಿವರಸೆಯಲ್ಲಿ ನಾಲ್ಕು ಮಟ್ಟ ಏರಿತ್ತು. ಒಟ್ಟು ಒಂಬತ್ತು. ಬೆಂಕಿಯುಂಡೆಯ ಮಂತ್ರಕ್ಕೆ ಪ್ರಯೋಗಿಸುವವನ ಮಟ್ಟವೊಂದಕ್ಕೆ ಆರು ಮುಖದ ದಾಳವೊಂದು, ಹತ್ತಕ್ಕೆ ಮೀರಬಾರದು. ಅವನು ಒಂಬತ್ತು ದಾಳಗಳನ್ನು ಕೈಗೆತ್ತಿಕೊಂಡನು. ಭಾಗವತನು ಐದೇ ಎಂದನು. ಐದು ದಾಳದ ಸರಾಸರಿ ಹದಿನೇಳೂವರೆ, ಒಂಬತ್ತರದು ಮೂವತ್ತೊಂದೂವರೆ. ಗುಹೆಯೊಳಗೆ ಸಿಕ್ಕಿಬಿದ್ದವರ ಪ್ರಾಣವೆಲ್ಲ ಆ ಅಂತರದಲ್ಲಿ ತೂಗಾಡುತ್ತಿತ್ತು.

ಜಗಳದ ಬೇರು ಒಂದು ಪದದಲ್ಲಿದೆ. ಪಾತ್ರದ ಒಟ್ಟು ಏರಿಕೆಗೂ, ಒಂದೊಂದು ವೃತ್ತಿಯಲ್ಲಿನ ಏರಿಕೆಗೂ, ಮಂತ್ರದ ಕಠಿಣತೆಗೂ, ಪ್ರಯೋಗಿಸುವವನ ಬಲಕ್ಕೂ ಇಂಗ್ಲಿಷಿನಲ್ಲಿ ‘ಲೆವೆಲ್’ ಎಂಬ ಒಂದೇ ಮಾತು! ಇವಕ್ಕೆ ಬೇರೆಬೇರೆ ಹೆಸರಿಡಲು ಮೊದಲು ಯೋಚಿಸಿದ್ದುದಾಗಿ ಗೈಗ್ಯಾಕ್ಸನೇ 1978ರ ಪುಸ್ತಕದಲ್ಲಿ ಬರೆದಿದ್ದಾನೆ. ಆದರೆ ರೂಢಿ ಗೆದ್ದಿತು. ಕನ್ನಡದಲ್ಲಾದರೆ ಒಂದನ್ನು ಮಟ್ಟವೆಂದೂ, ಒಂದನ್ನು ದರ್ಜೆಯೆಂದೂ, ಒಂದನ್ನು ಮೆಟ್ಟಿಲೆಂದೂ, ಕೊನೆಯದನ್ನು ಪ್ರಯೋಗಬಲವೆಂದೂ ಕರೆದು ಅರ್ಧ ಜಗಳವನ್ನು ತಪ್ಪಿಸಬಹುದಾಗಿತ್ತು.

ಹುಡುಗನ ವಾದವೂ ಬರಿಯ ಹಟವಲ್ಲ. 2014ರ ಆವೃತ್ತಿಯಲ್ಲಿ ಕೆಲವು ಕಿರುಮಂತ್ರಗಳ ಬಲವು ಪಾತ್ರದ ಒಟ್ಟು ಮಟ್ಟವನ್ನು ಅನುಸರಿಸಿ ಬೆಳೆಯುತ್ತದೆ. ಅದನ್ನು ಮೊದಲು ಓದಿದವನು ಅವನು. ಆದರೆ ಜಗಲಿಯ ಮೇಲಿದ್ದುದು 2003ರ ಪುಸ್ತಕ. ಅದರಲ್ಲಿ ಪ್ರಯೋಗಬಲವೆಂದರೆ ಆ ಮಂತ್ರವನ್ನು ಕೊಟ್ಟ ವೃತ್ತಿಯಲ್ಲಿ ಪಡೆದ ಮಟ್ಟ ಮಾತ್ರ. ನಾನು ಕೇಳಿದೆನು: “ನಿಮ್ಮೂರಿನ ಕಬ್ಬಿಣದ ಕಾರ್ಖಾನೆಯಲ್ಲಿ ಹತ್ತು ವರ್ಷ ಕುಲುಮೆಯ ಮುಂದೆ ದುಡಿದವನು ಲೆಕ್ಕದ ಮೇಜಿಗೆ ಬಂದನೆನ್ನು. ಆ ಹತ್ತೂ ಅವನ ಬಾಳಿನ ವರ್ಷಗಳೇ. ಆದರೆ ಲೆಕ್ಕ ಬರೆಯುವುದರಲ್ಲಿ ಅವನು ಮೊದಲ ದಿನದವನಲ್ಲವೇನಪ್ಪ?” ಅವನು ಒಪ್ಪಲಿಲ್ಲ. “ಅದು ಹೋಲಿಕೆ ಆಯ್ತು ಅಂಕಲ್, ನಿಯಮ ತೋರಿಸಿ” ಎಂದನು. ನ್ಯಾಯವಾದ ಮಾತು.

ಪುಸ್ತಕವನ್ನು ಇಡಿಯಾಗಿ ಓದಿದೆವು. ನಮ್ಮ ಶಾಸ್ತ್ರಗಳಲ್ಲಿ ಉತ್ಸರ್ಗ, ಅಪವಾದ ಎಂಬ ಎರಡು ಮಾತುಗಳಿವೆ. ಇದೇ ಜಿಲ್ಲೆಯ ಬಳ್ಳಿಗಾವಿಯ ಕೋಡಿಯಮಠದಲ್ಲಿ ವ್ಯಾಕರಣದೊಡನೆ ಮೀಮಾಂಸೆಯೂ ನಡೆಯುತ್ತಿದ್ದುದನ್ನು 1162ರ ಶಾಸನ ಹೇಳುತ್ತದೆ. ಸಾಮಾನ್ಯ ವಿಧಿ ಯಾವುದು, ಅದನ್ನು ತಡೆಯುವ ವಿಶೇಷ ವಿಧಿ ಯಾವುದು ಎಂಬ ವಿಚಾರ ಆ ವಿದ್ಯೆಯ ಜೀವಾಳ. ಆಟದ ಪುಸ್ತಕದಲ್ಲಿಯೂ ಹಾಗೆಯೇ. ವೃತ್ತಿಯ ಮಟ್ಟವೇ ಪ್ರಯೋಗಬಲವೆಂಬುದು ಉತ್ಸರ್ಗ. ಧರ್ಮಯೋಧನಿಗೂ ವನಚರನಿಗೂ ನಾಲ್ಕನೆಯ ಮಟ್ಟದಿಂದ, ಅದೂ ಅರ್ಧ ಮಾತ್ರ ಎಂಬುದು ಅಪವಾದ. 2004ರಲ್ಲಿ ಬಂದ ಅನುಬಂಧವೊಂದರಲ್ಲಿ ಇನ್ನೊಂದು ವಿಶೇಷ ಸಾಧನೆಯುಂಟು: ಅದನ್ನು ಆಯ್ದುಕೊಂಡವನ ಪ್ರಯೋಗಬಲ ನಾಲ್ಕು ಹೆಚ್ಚುತ್ತದೆ, ಆದರೆ ಪಾತ್ರದ ಒಟ್ಟು ಮಟ್ಟವನ್ನು ದಾಟಲಾಗದು. ನಾನು ಅಲ್ಲಿ ಬೆರಳಿಟ್ಟು ನಿಲ್ಲಿಸಿದೆನು. ಕತ್ತಿಯ ಮಟ್ಟಗಳು ತಾವಾಗಿಯೇ ಮಂತ್ರಕ್ಕೆ ಸೇರುವಂತಿದ್ದರೆ ಈ ಸಾಧನೆಯನ್ನು ಬರೆದವರು ಏಕೆ ಬರೆದರು? ಒಂದು ವಾಕ್ಯಕ್ಕೆ ನಾವು ಹೇಳುವ ಅರ್ಥದಿಂದ ಇನ್ನೊಂದು ವಾಕ್ಯ ವ್ಯರ್ಥವಾಗುವುದಾದರೆ ಆ ಅರ್ಥವನ್ನು ಬಿಡಬೇಕೆಂದು ಹಳಬರು ಹೇಳಿದ್ದು ಇದನ್ನೇ.

ಹುಡುಗನು ಬಹಳ ಹೊತ್ತು ಪುಟವನ್ನೇ ನೋಡಿದನು. ಕೊನೆಗೆ, “ಸರಿ, ಐದೇ” ಎಂದನು. ಮರುಕ್ಷಣವೇ ಗೆಳೆಯನತ್ತ ತಿರುಗಿ, “ಹಾಗಾದ್ರೆ ನಿನ್ನ ಆ ಮಾಂತ್ರಿಕ? ಅವನಿಗೆ ಮಂತ್ರದಲ್ಲಿ ಏಳು, ಕತ್ತಿಯಲ್ಲಿ ಮೂರು ಅಂತ ನೀನೇ ಹೇಳಿದ್ದೆ. ಹೋದ ವಾರ ಹತ್ತು ದಾಳ ಹಾಕಿದ್ಯಲ್ಲ?” ಎಂದನು.

ಜಗಲಿ ಮೌನವಾಯಿತು. ಅಣ್ಣನ ಮಗನು ತನ್ನ ಗುಟ್ಟಿನ ಟಿಪ್ಪಣಿಗಳನ್ನು ಮಗುಚಿದನು. ಭಾಗವತನ ಮಾತೇ ಕೊನೆಯದೆಂಬ ಅಧಿಕಾರ ಅವನಿಗುಂಟು. ಆ ಮಾಂತ್ರಿಕನಿಗೆ ಆ ವಿಶೇಷ ಸಾಧನೆಯಿತ್ತೆಂದು ಅಲ್ಲೇ ಬರೆದುಕೊಂಡಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ನನ್ನನ್ನು ನೋಡಿ, “ತಪ್ಪಾಯ್ತು ಚಿಕ್ಕಪ್ಪ, ಏಳೇ” ಎಂದನು. ಹೋದ ವಾರದ ಲೆಕ್ಕವನ್ನು ಮತ್ತೆ ಮಾಡಿದರು. ಸತ್ತನೆಂದು ಬರೆದಿಟ್ಟಿದ್ದ ಸಂಗಡಿಗನೊಬ್ಬನು ಬದುಕಿಕೊಂಡನು.

ನಿಯಮವನ್ನು ಓದಬಲ್ಲವರು ಬಹಳ ಮಂದಿ. ಓದಿದ ಅರ್ಥವು ತಮಗೆ ನಷ್ಟವಾಗುವ ಕಡೆಯಲ್ಲಿಯೂ ಅದನ್ನೇ ಹಿಡಿದು ನಿಲ್ಲುವವರು ವಿರಳ. ಅಂದು ಇಬ್ಬರು ಹುಡುಗರು, ಒಬ್ಬನ ಹಿಂದೆ ಒಬ್ಬನು, ಹಾಗೆ ನಿಂತುದನ್ನು ನಾನು ಕಂಡೆನು.

ಚೀಲ ಮತ್ತೆ ನೆಲಕ್ಕಿಳಿಯಿತು. ಐದು ದಾಳಗಳು ಉರುಳಿದವು. ಹದಿನಾಲ್ಕು! ಶತ್ರು ಬೀಳಲಿಲ್ಲ. ಭದ್ರಾವತಿಯ ಹುಡುಗನು ನಕ್ಕು, ಕತ್ತಿಯನ್ನು ಹಿರಿದೆನೆಂದನು.