ಮುದಿ ಬೆಕ್ಕಿನ ಶೌಚವ್ಯತ್ಯಯ: ಕಾರಣ ಮತ್ತು ಪರಿಹಾರ

ಜಮಖಂಡಿ ತಾಲೂಕಿನ ಹುನ್ನೂರದಂತಹ ಊರುಗಳಲ್ಲಿ ಬೆಕ್ಕು ಬಹುಮಟ್ಟಿಗೆ ಕಾಳುಕಡಿಯ ಕಾವಲಿಗೆಂದು ಸಾಕಿದ ಪ್ರಾಣಿ. ಜೋಳದ ಚೀಲಗಳಿರುವ ಮನೆಯಲ್ಲಿ ಇಲಿಗಳನ್ನು ಹದ್ದಿನಲ್ಲಿಡುವುದು ಅದರ ಉದ್ಯೋಗ. ಶೌಚಕ್ಕೆಂದು ಯಾರೂ ಅದಕ್ಕೆ ಸ್ಥಳವನ್ನು ಗೊತ್ತುಮಾಡಿ ಕೊಟ್ಟಿರುವುದಿಲ್ಲ; ಹಿತ್ತಿಲಿನ ಸಡಿಲ ಮಣ್ಣನ್ನೋ ತಿಪ್ಪೆಯ ಬದಿಯ ಬೂದಿಯನ್ನೋ ತಾನೇ ಆರಿಸಿಕೊಂಡು, ಕೆದರಿ, ಮುಚ್ಚಿ ಬರುತ್ತದೆ. ಹತ್ತು ಹನ್ನೆರಡು ವರ್ಷ ಹೀಗೆ ನಡೆದುಕೊಂಡ ಬೆಕ್ಕು ಒಂದು ದಿನ ಪಡಸಾಲೆಯ ಮೂಲೆಯಲ್ಲಿ ಹೊಲಸು ಮಾಡತೊಡಗಿದರೆ, ಮುಪ್ಪಿನಲ್ಲಿ ಅದರ ಚಾಳಿ ಕೆಟ್ಟಿತೆಂದು ಮನೆಯವರು ತೀರ್ಮಾನಿಸುವುದುಂಟು. ಮೊದಲು ಗದರಿಕೆ, ಅನಂತರ ಪೆಟ್ಟು, ಕೊನೆಗೆ ಗೋಣಿಚೀಲದಲ್ಲಿ ಹಾಕಿ ದೂರದ ಹಳ್ಳದಾಚೆ ಬಿಟ್ಟುಬರುವುದು. ಹಲ್ಲು ಸವೆದ, ಕೀಲು ಬಿಗಿದ ಪ್ರಾಣಿಗೆ ಇದು ಮರಣದಂಡನೆಯೇ ಸರಿ. ಈ ದಂಡನೆಗೆ ಆಧಾರವಾದ ತೀರ್ಮಾನವು ಎಷ್ಟು ಯುಕ್ತ, ಪ್ರಾಣಿಗೆ ನೆರವಾಗುವ ಬಗೆ ಯಾವುದು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸುತ್ತೇವೆ.

ಮೊದಲು ಬೆಕ್ಕಿನ ಸ್ವಭಾವವನ್ನು ನೋಡೋಣ. ಸಾಕುಬೆಕ್ಕು ಪಶ್ಚಿಮ ಏಷ್ಯದ ಕಾಡುಬೆಕ್ಕಿನ ಸಂತತಿ. ಸೈಪ್ರಸ್ ದ್ವೀಪದಲ್ಲಿ ಸುಮಾರು ೯,೫೦೦ ವರ್ಷಗಳ ಹಿಂದೆ ಮನುಷ್ಯನೊಡನೆ ಹೂಳಿದ ಬೆಕ್ಕಿನ ಅಸ್ಥಿಗಳು ದೊರೆತಿವೆ. ಒಣಗಿದ ಸಡಿಲ ಮಣ್ಣನ್ನು ಕೆದರಿ ಮಲವನ್ನು ಮುಚ್ಚುವ ಪ್ರವೃತ್ತಿಯು ಅದಕ್ಕೆ ಹುಟ್ಟಿನಿಂದಲೇ ಬಂದುದು. ನಗರದ ಮನೆಗಳಲ್ಲಿ ಬಳಸುವ ಶೌಚದ ತಟ್ಟೆಯೂ ಈ ಪ್ರವೃತ್ತಿಯನ್ನೇ ಅವಲಂಬಿಸಿದೆ. ೧೯೪೭ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಬೆಕ್ಕಿಗಾಗಿ ಬೂದಿಯನ್ನು ಬಳಸುತ್ತಿದ್ದ ನೆರೆಮನೆಯ ಹೆಣ್ಣುಮಗಳಿಗೆ ಎಡ್ವರ್ಡ್ ಲೋ ಎಂಬವನು ತೇವವನ್ನು ಹೀರುವ ಜೇಡಿಮಣ್ಣಿನ ಹರಳುಗಳನ್ನು ಕೊಟ್ಟನು. ಅದರಿಂದ ಒಂದು ದೊಡ್ಡ ವ್ಯಾಪಾರವೇ ಬೆಳೆಯಿತು. ಹೀಗೆ ತಟ್ಟೆಯೆಂದರೆ ಹಿತ್ತಿಲನ್ನು ಮನೆಯೊಳಗೆ ತಂದಿರಿಸಿದಂತೆ. ಹುಟ್ಟಿನಿಂದ ಬಂದ ಇಂತಹ ಪ್ರವೃತ್ತಿಯನ್ನು ಪ್ರಾಣಿಯು ಮುಪ್ಪಿನಲ್ಲಿ ಕೈಬಿಟ್ಟರೆ ಅದಕ್ಕೆ ಬಲವಾದ ಕಾರಣವಿರಲೇಬೇಕು.

ಕಾರಣಗಳಲ್ಲಿ ಮೊದಲನೆಯದು ಕೀಲುಬೇನೆ. ೨೦೦೨ರಲ್ಲಿ ಪ್ರಕಟವಾದ ನೂರು ಬೆಕ್ಕುಗಳ ಕ್ಷಕಿರಣ ಪರಿಶೀಲನೆಯಲ್ಲಿ, ಹನ್ನೆರಡು ವರ್ಷ ಮೀರಿದವುಗಳ ಪೈಕಿ ಪ್ರತಿಶತ ೯೦ರಲ್ಲಿ ಕೀಲುಗಳ ಸವೆತ ಕಂಡುಬಂದಿತು. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಕುಂಟುವುದಿಲ್ಲ, ಕೂಗುವುದಿಲ್ಲ, ನೆಗೆಯುವುದನ್ನು ಮಾತ್ರ ನಿಲ್ಲಿಸುತ್ತದೆ. ಎತ್ತರದ ಹೊಸ್ತಿಲು, ಹಿತ್ತಿಲ ಕಟ್ಟೆ, ಬೆಳಕಿಂಡಿ ಇವು ಅದಕ್ಕೆ ದಾಟಲಾಗದ ಅಡ್ಡಿಗಳಾಗುತ್ತವೆ. ಎರಡನೆಯದು ಮೂತ್ರಪಿಂಡಗಳ ಕ್ಷೀಣತೆ. ಆಗ ಬೆಕ್ಕು ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತದೆ. ಹಿತ್ತಿಲು ಮುಟ್ಟುವವರೆಗೆ ತಡೆಯಲಾರದು. ಸಿಹಿಮೂತ್ರ ರೋಗದಲ್ಲಿಯೂ ಥೈರಾಯ್ಡ್ ಗ್ರಂಥಿಯ ಅತಿಸ್ರಾವದಲ್ಲಿಯೂ ಇದೇ ಲಕ್ಷಣ ತೋರಬಹುದು. ಮೂರನೆಯದು ಮಲಬದ್ಧತೆ ಅಥವಾ ಮೂತ್ರಾಶಯದ ಉರಿ. ನೋವಾದ ಸ್ಥಳದಲ್ಲಿಯೇ ನೋವಿನ ಮೂಲವಿದೆಯೆಂದು ಭಾವಿಸಿ ಪ್ರಾಣಿಯು ಆ ಸ್ಥಳವನ್ನು ವರ್ಜಿಸುತ್ತದೆ. ನಾಲ್ಕನೆಯದು ದೃಷ್ಟಿ ಮತ್ತು ಸ್ಮರಣೆಯ ಕುಂದು. ಇವಲ್ಲದೆ ಹೊರಗಿನ ಕಾರಣಗಳೂ ಉಂಟು: ಹಿತ್ತಿಲಿಗೆ ಸಿಮೆಂಟು ಹಾಕಿಸಿದ್ದು, ನೆರೆಯವರ ನಾಯಿ, ಮನೆಗೆ ಬಂದ ಹರೆಯದ ಬೆಕ್ಕು.

ಆದುದರಿಂದ ಮೊದಲ ಕಾರ್ಯವು ಪ್ರಾಣಿಯನ್ನು ಪಶುವೈದ್ಯರಿಗೆ ತೋರಿಸುವುದು. ಯಾವಾಗಿನಿಂದ, ಎಲ್ಲಿ, ಮಲವೋ ಮೂತ್ರವೋ, ನೀರು ಎಷ್ಟು ಕುಡಿಯುತ್ತದೆ ಎಂಬುದನ್ನು ಬರೆದಿಟ್ಟುಕೊಂಡು ಹೋದರೆ ರೋಗನಿರ್ಣಯ ಸುಲಭವಾಗುತ್ತದೆ. ಬೆಕ್ಕು ಪದೇ ಪದೇ ತಿಣುಕಿದರೂ ಮೂತ್ರ ಬಾರದಿದ್ದರೆ ಒಂದು ದಿನವೂ ಕಾಯಕೂಡದು. ಮುಖ್ಯವಾಗಿ ಗಂಡು ಬೆಕ್ಕಿನಲ್ಲಿ ಈ ತಡೆ ಪ್ರಾಣಾಂತಿಕ. ಮನುಷ್ಯರ ನೋವಿನ ಗುಳಿಗೆಗಳನ್ನು ಎಂದಿಗೂ ಕೊಡಬಾರದು. ಪ್ಯಾರಸಿಟಮಾಲನ್ನು ನಿರ್ವಿಷಗೊಳಿಸುವ ಶಕ್ತಿಯು ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಒಂದೇ ಗುಳಿಗೆಯಿಂದ ಅದು ಸಾಯಬಹುದು. ಮೂತ್ರ ಕಡಿಮೆಯಾಗಲೆಂದು ನೀರನ್ನು ತಪ್ಪಿಸುವುದೂ ಅಪಾಯಕರ. ಮೂತ್ರಪಿಂಡ ಕೆಟ್ಟ ಪ್ರಾಣಿಗೆ ನೀರೇ ಆಧಾರ.

ಎರಡನೆಯ ಕಾರ್ಯವು ಶೌಚಸ್ಥಳವನ್ನು ಪ್ರಾಣಿಯ ಬಳಿಗೆ ತರುವುದು. ಇದಕ್ಕೆ ಬೆಲೆಯ ಸಾಮಾನು ಬೇಕಿಲ್ಲ. ಬಳಕೆ ತಪ್ಪಿದ ಅಗಲವಾದ ಪರಾತ ಸಾಕು. ಅಂಚು ಎರಡು ಮೂರು ಅಂಗುಲಕ್ಕಿಂತ ಎತ್ತರವಿರಬಾರದು. ಬೆಕ್ಕು ಒಳಗೆ ನಿಂತು ತಿರುಗುವಷ್ಟು ವಿಸ್ತಾರವಿರಬೇಕು. ಪೇಟೆಯಲ್ಲಿ ದೊರೆಯುವ, ಒದ್ದೆಯಾದಾಗ ಗಡ್ಡೆಕಟ್ಟುವ ಬೆಂಟೊನೈಟ್ ಜೇಡಿಯೂ ಈ ಭಾಗದ ಎರೆಮಣ್ಣಿನ ಜೇಡಿಯೂ ಒಂದೇ ವರ್ಗದವು. ಎರಡೂ ನೀರು ಹೀರಿ ಉಬ್ಬುತ್ತವೆ. ಆದರೂ ಹಸಿ ಎರೆಮಣ್ಣು ಪಾದಕ್ಕೆ ಮೆತ್ತಿ, ಒಣಗಿದಾಗ ಹೆಂಟೆಯಾಗುವುದರಿಂದ ತಟ್ಟೆಗೆ ಸಲ್ಲದು. ಜರಡಿ ಹಿಡಿದ ನಯವಾದ ಮರಳನ್ನು ಎರಡು ಅಂಗುಲ ಹರವಿ, ಬೆಕ್ಕಿನ ಹಳೆಯ ಸ್ಥಳದ ಒಂದು ಹಿಡಿ ಮಣ್ಣನ್ನು ಬೆರೆಸಿದರೆ ಆ ವಾಸನೆ ಅದಕ್ಕೆ ದಾರಿ ತೋರುತ್ತದೆ. ಪರಾತವನ್ನು ಅದು ಮಲಗುವ ಎಡೆಗೆ ಹತ್ತಿರ, ಉಣ್ಣುವ ಎಡೆಗೆ ದೂರ, ಮೆಟ್ಟಿಲಿಲ್ಲದ ಕಡೆ ಇಡಬೇಕು. ಒಂದೇ ಮೂಲೆಯನ್ನು ಅದು ಹಿಡಿದಿದ್ದರೆ ಮೊದಲು ಅಲ್ಲಿಯೇ ಇಟ್ಟು, ರೂಢಿಯಾದ ಮೇಲೆ ದಿನಕ್ಕೊಂದು ಗೇಣು ಸರಿಸಬಹುದು. ಹೊಲಸನ್ನು ನಿತ್ಯವೂ ತೆಗೆಯಬೇಕು. ಕೊಳೆತ ತಟ್ಟೆಯನ್ನು ಬೆಕ್ಕು ತುಳಿಯದು.

ಮೂರನೆಯದು ಕೆಟ್ಟ ನೆಲದ ಶುದ್ಧಿ. ವಾಸನೆ ಉಳಿದ ಸ್ಥಳಕ್ಕೆ ಬೆಕ್ಕು ಮರಳುತ್ತದೆ. ಮಣ್ಣಿನ ನೆಲವಾದರೆ ತೊಯ್ದ ಮಣ್ಣನ್ನು ಕೆತ್ತಿ ತೆಗೆದು ಹೊಸ ಮಣ್ಣು ತುಂಬಿ ಸಾರಿಸಬೇಕು; ಕಲ್ಲು ಅಥವಾ ಸಿಮೆಂಟಾದರೆ ಸಾಬೂನಿನ ನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಬೇಕು. ಫಿನಾಯಿಲನ್ನು ಬಳಸಕೂಡದು. ಫೀನಾಲುಗಳನ್ನೂ ಬೆಕ್ಕಿನ ದೇಹವು ಸುಲಭವಾಗಿ ಹೊರಹಾಕಲಾರದು. ನೆಲದಿಂದ ಪಾದಕ್ಕೆ, ಪಾದ ನೆಕ್ಕುವಾಗ ಹೊಟ್ಟೆಗೆ ಆ ವಿಷ ಸೇರುತ್ತದೆ. ಮೂಗನ್ನು ಹೊಲಸಿಗೆ ತಿಕ್ಕುವುದರಿಂದಲೂ ಹೊಡೆಯುವುದರಿಂದಲೂ ಏನೂ ಸಾಧಿಸದು. ಮನೆಯವರ ಕಣ್ಣು ತಪ್ಪಿಸುವುದನ್ನಷ್ಟೇ ಪ್ರಾಣಿ ಕಲಿಯುತ್ತದೆ.

ಈ ಉಪಾಯಗಳಿಂದ ಮುಪ್ಪು ಹಿಂಜರಿಯದು. ಕ್ಷೀಣಿಸಿದ ಮೂತ್ರಪಿಂಡ ಮತ್ತೆ ಮೊದಲಿನಂತಾಗುವುದಿಲ್ಲ. ಕೆಲವು ಬೆಕ್ಕುಗಳು ಆಗಾಗ ತಪ್ಪುತ್ತಲೇ ಇರುತ್ತವೆ. ಆದರೆ ನೋವು ತಗ್ಗಿ, ದಾರಿ ಹತ್ತಿರವಾದರೆ ಅನೇಕವು ಹಳೆಯ ಶಿಸ್ತಿಗೆ ಮರಳುತ್ತವೆ. ಮಾತನಾಡಲಾರದ ಪ್ರಾಣಿಯ ನಡತೆಯಲ್ಲಿ ಕಂಡ ವ್ಯತ್ಯಯವನ್ನು ಮೊದಲು ದೇಹದ ದೂರೆಂದು ಓದಬೇಕು; ದುರ್ಗುಣವೆಂಬ ನಿರ್ಣಯವು, ಅದಕ್ಕೆ ಅವಕಾಶವಿದ್ದರೆ, ಎಲ್ಲಕ್ಕೂ ಕೊನೆಯದು. ಇಷ್ಟನ್ನು ಮನೆಯವರು ಒಪ್ಪಿದರೆ ಗೋಣಿಚೀಲದ ಬದಲು ಒಂದು ಪರಾತ ಮತ್ತು ನಾಲ್ಕು ಬೊಗಸೆ ಮರಳಿನಲ್ಲಿ ಕೆಲಸ ಮುಗಿಯುತ್ತದೆ.