ಮನಸ್ಸಿನೊಳಗೂ ಒಂದು ಸಂಸಾರ!

'ಒಂದು ಮನಸ್ಸು ಹೋಗು ಅನ್ನುತ್ತೆ, ಇನ್ನೊಂದು ಬೇಡ ಅನ್ನುತ್ತೆ' ಅಂತ ದಿನಕ್ಕೆ ಎಷ್ಟು ಸಲ ಹೇಳುತ್ತೇವೆ ನಾವು! ಸೋದರಿಯರೇ, ಈ ಮಾತನ್ನೇ ನಂಬಿ ನಡೆಯುವ ಒಂದು ಮನೋಚಿಕಿತ್ಸೆಯೇ ಇದೆ, ಗೊತ್ತೇ?

ಅಮೆರಿಕದ ರಿಚರ್ಡ್ ಶ್ವಾರ್ಟ್ಸ್ ಮೊದಲು ಕುಟುಂಬಗಳ ಮನಸ್ತಾಪಕ್ಕೆ ಚಿಕಿತ್ಸೆ ಕೊಡುತ್ತಿದ್ದವರು. 1980ರ ದಶಕದಲ್ಲಿ, ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವ ಕಾಯಿಲೆಯವರು ಅವರ ಬಳಿ ಬಂದು, ತಮ್ಮೊಳಗಿನ ಬೇರೆ ಬೇರೆ 'ಭಾಗ'ಗಳ ಜಗಳವನ್ನು ಹೇಳಿಕೊಂಡರು. ಮನಸ್ಸೂ ಒಂದು ಸಂಸಾರವೇ ಎಂದು ಶ್ವಾರ್ಟ್ಸ್‌ಗೆ ಹೊಳೆಯಿತು. 1995ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದರು.

ಈ ಸಂಸಾರದಲ್ಲಿ ಮೂರು ಬಗೆಯವರು. ಯಾರೂ ಬೆರಳು ತೋರಿಸದಂತೆ ಎಲ್ಲವನ್ನೂ ಅಚ್ಚುಕಟ್ಟಾಗಿ ತೂಗಿಸುವವರು ಮೊದಲನೆಯವರು. ಹಳೆಯ ನೋವು, ಅವಮಾನ ಹೊತ್ತು ಮೂಲೆ ಸೇರಿದ ಎಳೆಯರು ಎರಡನೆಯವರು. ಆ ನೋವು ಮೇಲೆದ್ದ ಕೂಡಲೇ ಸಿಟ್ಟಿನಿಂದಲೋ ತಿಂಡಿಯಿಂದಲೋ ಅದನ್ನು ಆರಿಸಲು ಓಡಿಬರುವವರು ಮೂರನೆಯವರು. ಇವರಲ್ಲಿ ಯಾರೂ ಕೆಟ್ಟವರಲ್ಲ. ಇವರೆಲ್ಲರ ನಡುವೆ ಶಾಂತವಾದ 'ನಾನು' ಇದ್ದೇ ಇರುತ್ತದೆ. ಅದು ಒಬ್ಬೊಬ್ಬರ ಮಾತನ್ನೂ ತಾಳ್ಮೆಯಿಂದ ಕೇಳುವುದೇ ಚಿಕಿತ್ಸೆ.

ನನ್ನದೇ ಕತೆ ಕೇಳಿ. ಹೋದ ಬೇಸಿಗೆಯಲ್ಲಿ ಮಗಳು, "ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದ್ತೀನಮ್ಮ" ಎಂದಳು. ನಾನು ಕೂಗಾಡಿಬಿಟ್ಟೆ. ಎರಡು ದಿನ ಅವಳು ಮಾತೇ ಆಡಲಿಲ್ಲ. ಮನಸ್ಸು ತಡೆಯದೆ ಒಬ್ಬ ಆಪ್ತಸಲಹೆಗಾರ್ತಿಯ ಬಳಿ ಹೋದೆ. "ಆ ಸಿಟ್ಟು ಯಾರನ್ನು ಕಾಯ್ತಾ ಇದೆ, ಕೇಳಿ ನೋಡಿ" ಎಂದರು ಅವರು. ಕಣ್ಣು ಮುಚ್ಚಿದೆ. ಎಸ್ಸೆಸ್ಸೆಲ್ಸಿ ಪಾಸಾಗಿಯೂ 'ಓದಿದ್ದು ಸಾಕು' ಎನ್ನಿಸಿಕೊಂಡು ಅಡಿಗೆಮನೆಯ ಬಾಗಿಲ ಹಿಂದೆ ಅತ್ತ ಹದಿನಾರರ ಹುಡುಗಿ ಕಂಡಳು. ಅವಳ ಅಳು ನನಗೇ ಕೇಳಿಸದಿರಲೆಂದು ನಾನು ಮಗಳ ಮೇಲೆ ಕೂಗಿದ್ದೆ!

ಆ ರಾತ್ರಿ ಮಗಳಿಗೆ ಎಲ್ಲವನ್ನೂ ಹೇಳಿದೆ. "ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?" ಎಂದಳು.

ಮುಂದಿನ ಸಲ ಸಿಟ್ಟು ಬಂದಾಗ 'ನಾನೇ ಸಿಡುಕಿ' ಅಂದುಕೊಳ್ಳಬೇಡಿ. 'ನನ್ನೊಳಗೆ ಒಬ್ಬಳಿಗೆ ಸಿಟ್ಟು ಬಂದಿದೆ' ಎನ್ನಿ. ಒಲೆ ಸಣ್ಣಗೆ ಮಾಡಿ, 'ನಿನಗೇನು ಹೆದರಿಕೆ?' ಎಂದು ಅವಳನ್ನೇ ಕೇಳಿ. ಆದರೆ ಗಾಯ ಆಳವಾಗಿದ್ದರೆ ಒಬ್ಬರೇ ಕೆದಕಬೇಡಿ, ವೈದ್ಯರು ಕೊಟ್ಟ ಮಾತ್ರೆಯನ್ನೂ ಬಿಡಬೇಡಿ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮಗಳು ಈಗ ಮೈಸೂರಿನಲ್ಲಿದ್ದಾಳೆ. ಹೊರಡುವಾಗ ಚಟ್ನಿಪುಡಿ ಕಟ್ಟಿಕೊಟ್ಟೆ. ನನ್ನೊಳಗಿನ ಆ ಹುಡುಗಿಯೂ ನಗುತ್ತಾ ಕೈಬೀಸಿದಳು.